1914ರ ಚೀಟಿ: ಒಂದು ಕಾಡುಗೂಬೆಯ ಕಡತ

ಮ್ಯೂಸಿಯಮ್ಮಿನಲ್ಲಿ ಕಾಗದ ನೋಡಿಕೊಳ್ಳುವವರಿಗೂ ಹಕ್ಕಿ ನೋಡಿಕೊಳ್ಳುವವರಿಗೂ ನಡುವೆ ಒಂದು ಗೋಡೆ ಇರುತ್ತದೆ. ಕೆಲವು ಕಡೆ ಅದು ಇಟ್ಟಿಗೆಯದು, ಹೆಚ್ಚಿನ ಕಡೆ ಬರೀ ಅಭ್ಯಾಸದ್ದು. ಹಕ್ಕಿಯ ಚರ್ಮ, ಜೀರುಂಡೆ, ಒಣಗಿಸಿದ ಗಿಡ ಇವೆಲ್ಲ ಕ್ಯುರೇಟರ್ ಪಾಲು. ರಿಜಿಸ್ಟರು, ಪತ್ರ, ಕಾಡಿನಲ್ಲಿ ಬರೆದ ಟಿಪ್ಪಣಿ ಪುಸ್ತಕ, ಆಡಳಿತದ ಕಡತ ಆರ್ಕೈವಿಸ್ಟ್ ಪಾಲು. ಎರಡೂ ಒಂದೇ ವಸ್ತುವಿನ ಎರಡು ಅರ್ಧ ಅಂತ ಎಲ್ಲರೂ ಒಪ್ಪುತ್ತಾರೆ. ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ಆ ಗೋಡೆಯಿಂದ ಏನು ನಷ್ಟ ಅಂತ ಯಾರಾದರೂ ಕೇಳಿದರೆ ನಾನು ತೆಗೆದಿಡುವುದು ಒಂದು ಗೂಬೆಯ ಕಡತವನ್ನು. ಇದರ ತನಿಖೆ ನಡೆಸಿದವರು ಪಕ್ಷಿಶಾಸ್ತ್ರಜ್ಞರು, ಅವರು ಬರೆದದ್ದೂ ಪಕ್ಷಿಶಾಸ್ತ್ರದ ಪತ್ರಿಕೆಯಲ್ಲಿ. ನಾನು ಇಲ್ಲಿ ಅದೇ ಪ್ರಕರಣವನ್ನು ಕಾಗದದ ಬದಿಯಿಂದ ಓದುತ್ತಿದ್ದೇನೆ.

ಹಕ್ಕಿ ಮತ್ತು ಅದರ ಏಳು ಚರ್ಮಗಳು

ಫಾರೆಸ್ಟ್ ಔಲೆಟ್ ನಾವು ಹಾಲಕ್ಕಿ ಎಂದು ಕರೆಯುವ ಪುಟ್ಟ ಗೂಬೆಯ ನೆಂಟ. ಕಾಡುಗೂಬೆ ಅನ್ನೋಣ. ಹಾಲಕ್ಕಿಯ ನೆತ್ತಿಯಲ್ಲಿ ಬಿಳಿ ಚುಕ್ಕೆ ಎದ್ದು ಕಾಣುತ್ತವೆ, ಇದರ ನೆತ್ತಿಯಲ್ಲಿ ಚುಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ತಲೆ, ಕೊಕ್ಕು, ಉಗುರು ಹಾಲಕ್ಕಿಯದಕ್ಕಿಂತ ದೊಡ್ಡವು. 1872ರ ಡಿಸೆಂಬರಿನಲ್ಲಿ ಎಫ್. ಆರ್. ಬ್ಲೆವಿಟ್ ಎಂಬಾತ ಈಗಿನ ಛತ್ತೀಸಗಢದ ಫುಲ್‌ಝರ್ ಕಡೆಯಲ್ಲಿ ಒಂದನ್ನು ಹೊಡೆದ. ಮರುವರ್ಷ ಅಲನ್ ಆಕ್ಟೇವಿಯನ್ ಹ್ಯೂಮ್ ಅದನ್ನು ಹೊಸ ಜಾತಿ ಎಂದು ವರ್ಣಿಸಿ, ಹೊಡೆದವನ ನೆನಪಿಗೆ ಬ್ಲೆವಿಟ್ಟಿ ಎಂದು ಹೆಸರಿಟ್ಟ. ಕಾಂಗ್ರೆಸ್ ಕಟ್ಟಿದ ಹ್ಯೂಮ್ ಇವನೇ. 1877ರಲ್ಲಿ ಭೂಗರ್ಭ ಸರ್ವೇಕ್ಷಣೆಯ ವ್ಯಾಲಂಟೈನ್ ಬಾಲ್‌ಗೆ ಇನ್ನೊಂದು ಸಿಕ್ಕಿತು. 1880ರ ದಶಕದ ಮೊದಲಲ್ಲಿ ಈಗಿನ ಮಹಾರಾಷ್ಟ್ರದ ಖಾನ್‌ದೇಶದ ಶಹಾದಾ, ತಳೋದೆ ಸುತ್ತಮುತ್ತ ಜೇಮ್ಸ್ ಡೇವಿಡ್ಸನ್ ಎಂಬ ಸಿವಿಲ್ ಅಧಿಕಾರಿ ಹಲವನ್ನು ಸಂಗ್ರಹಿಸಿದ. (ಮುಂದೆ ಬೆಲ್, ಏಟ್ಕನ್ ಜೊತೆ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಮೇಲೆ ಬರೆದ ಡೇವಿಡ್ಸನ್ ಇವನೇ.) ಒಟ್ಟು ಏಳು ಚರ್ಮ. ಕೊನೆಯದು 1884ರದ್ದು. ಅಲ್ಲಿಂದಾಚೆ ಹಕ್ಕಿ ಯಾರ ಕಣ್ಣಿಗೂ ಬೀಳಲಿಲ್ಲ.

ಬಿದ್ದಿತ್ತು ಅಂತ ಹೇಳಿದ್ದು ಒಂದು ಚೀಟಿ.

ಮ್ಯೂಸಿಯಮ್ಮಿನ ಡ್ರಾಯರಿನಲ್ಲಿ ಹಕ್ಕಿಯ ಚರ್ಮ ಹೇಗಿರುತ್ತದೆ ಅಂತ ನೋಡದವರಿಗಾಗಿ ಎರಡು ಮಾತು. ಅಂಗಾತ ಮಲಗಿಸಿರುತ್ತಾರೆ, ರೆಕ್ಕೆ ಮಡಚಿ ಮೈಗೆ ಒತ್ತಿರುತ್ತದೆ, ಕಣ್ಣಿನ ಜಾಗದಲ್ಲಿ ಹತ್ತಿ. ಕಾಲಿಗೆ ದಾರದಲ್ಲಿ ಕಟ್ಟಿದ ಒಂದು ಚೀಟಿ, ಹಳೆಯದಾದರೆ ಎರಡು ಮೂರು ಚೀಟಿ. ಚೀಟಿಯಲ್ಲಿ ಎಲ್ಲಿ, ಯಾವತ್ತು, ಯಾರು, ಗಂಡೋ ಹೆಣ್ಣೋ. ಈ ನಾಲ್ಕು ಮಾತಿಲ್ಲದಿದ್ದರೆ ಉಳಿಯುವುದು ಗರಿ. 2009ರಲ್ಲಿ ಒಬ್ಬ ಯುವಕ ಬ್ರಿಟನ್ನಿನ ಟ್ರಿಂಗ್‌ನಲ್ಲಿರುವ ಹಕ್ಕಿ ಸಂಗ್ರಹಕ್ಕೆ ಕಿಟಕಿ ಒಡೆದು ನುಗ್ಗಿ 299 ಚರ್ಮ ಕದ್ದ, ಮೀನಿನ ಗಾಳಕ್ಕೆ ಕಟ್ಟುವ ಬಣ್ಣದ ಗರಿಯ ಆಸೆಗೆ. ಪೊಲೀಸರು ವಾಪಸ್ ತಂದುಕೊಟ್ಟವುಗಳಲ್ಲಿ ಹಲವಕ್ಕೆ ಚೀಟಿ ಇರಲಿಲ್ಲ. ಹಕ್ಕಿ ಬಂತು, ಹಕ್ಕಿಯ ವಿಳಾಸ ಬರಲಿಲ್ಲ. ಇದೇ ಟ್ರಿಂಗ್‌ನಲ್ಲಿ, ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಹಕ್ಕಿಗಳ ನಡುವೆ, ನಮ್ಮ ಕಾಡುಗೂಬೆಯೂ ಇದೆ. ಅದಕ್ಕೆ ಚೀಟಿ ಇತ್ತು. ತೊಂದರೆ ಆದದ್ದೇ ಅದರಿಂದ.

ಚೀಟಿಯ ಪ್ರಕಾರ ಹಕ್ಕಿ ಸಿಕ್ಕಿದ್ದು 1914ರಲ್ಲಿ, ಗುಜರಾತಿನ ತಾಪಿ ನದಿಯ ದಡದ ಮಾಂಡ್ವಿಯಲ್ಲಿ. ಸಂಗ್ರಹಿಸಿದವರು ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹೇಗನ್.

ಮಾಂಡ್ವಿ ಎಂಬ ಆಯ್ಕೆ ಗಮನಿಸಿ. ಡೇವಿಡ್ಸನ್ ಓಡಾಡಿದ ಶಹಾದಾದಿಂದ ನೂರು ಕಿಲೋಮೀಟರಿಗೂ ದೂರ, ಆದರೆ ಅದೇ ತಾಪಿ ಕಣಿವೆ. ಕೇರಳ ಅಂತಲೋ ಅಸ್ಸಾಂ ಅಂತಲೋ ಬರೆದಿದ್ದರೆ ಯಾರಾದರೂ ಹುಬ್ಬು ಏರಿಸುತ್ತಿದ್ದರು. ನಂಬುವಂಥ ಊರಿನ ಹೆಸರು ಇದ್ದದ್ದಕ್ಕೆ ಚೀಟಿ ದಶಕಗಳ ಕಾಲ ಯಾರ ಕಣ್ಣಿಗೂ ಚುಚ್ಚಲಿಲ್ಲ. ಕೊನೆಯ ದಾಖಲೆ 1884ರಿಂದ 1914ಕ್ಕೆ ಜಿಗಿಯಿತು. ಮೂವತ್ತು ವರ್ಷ ಹೆಚ್ಚು ಬದುಕಿದ ಲೆಕ್ಕ, ಹುಡುಕುವುದಕ್ಕೆ ಒಂದು ಹೊಸ ಜಾಗ. ಹುಡುಕಲು ಹೊರಟವರು ಕೈಗೆ ಸಿಕ್ಕ ದಾಖಲೆಯನ್ನು ನಂಬಿದ್ದರಲ್ಲಿ ತಪ್ಪೇನಿಲ್ಲ. ಅದು ದೊಡ್ಡ ಮನುಷ್ಯನ ಚೀಟಿ.

ದೊಡ್ಡ ಮನುಷ್ಯ

ಮೈನರ್ಟ್ಸ್‌ಹೇಗನ್ ಬ್ರಿಟಿಷ್ ಸೈನ್ಯದ ಅಧಿಕಾರಿ, ಗೂಢಚಾರ ವಿಭಾಗದವನು, ಹೆಸರಾಂತ ಪಕ್ಷಿತಜ್ಞ. ಆಫ್ರಿಕದ ದೈತ್ಯ ಕಾಡುಹಂದಿಗೆ 1904ರಲ್ಲಿ ಅವನ ಹೆಸರನ್ನೇ ಇಟ್ಟರು. 1937ರ ಅಫ್ಘಾನಿಸ್ತಾನದ ಪ್ರವಾಸದಲ್ಲಿ ಸಾಲಿಂ ಅಲಿ ಅವನ ಜೊತೆಗಿದ್ದರು. ಅದೇ ವರ್ಷ ಅವನು ಅಲ್ಲಿನ ಹಿಮ ಗುಬ್ಬಿಯೊಂದನ್ನು ವರ್ಣಿಸಿದ, ಆ ಜಾತಿ ಇವತ್ತಿಗೂ ನಿಂತಿದೆ. ಅಂದರೆ ಆಸಾಮಿ ಪೂರ್ತಿ ಪೊಳ್ಳಲ್ಲ. ಪೂರ್ತಿ ಪೊಳ್ಳಾಗಿದ್ದರೆ ಕೆಲಸ ಸುಲಭವಿತ್ತು, ಎಲ್ಲವನ್ನೂ ಪಕ್ಕಕ್ಕಿಟ್ಟರೆ ಮುಗಿಯುತ್ತಿತ್ತು. ನಿಜವೂ ಸುಳ್ಳೂ ಒಂದೇ ಕೈಬರಹದಲ್ಲಿ, ಒಂದೇ ನಮೂನೆಯ ಚೀಟಿಯಲ್ಲಿ ಬಂದಾಗ ಆರ್ಕೈವಿಸ್ಟ್‌ಗೆ ತಲೆನೋವು ಶುರು.

1954ರಲ್ಲಿ ಅವನ ಸುಮಾರು 20,000 ಹಕ್ಕಿ ಚರ್ಮಗಳ ಸಂಗ್ರಹ ಬ್ರಿಟಿಷ್ ಮ್ಯೂಸಿಯಮ್ಮಿಗೆ (ಈಗಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಆಗ ಅದರದೇ ಭಾಗ) ದಾನವಾಗಿ ಬಂತು. ಎಲ್ಲವೂ ಒಪ್ಪ ಓರಣ. ನೋಡಿದವರು ಮೆಚ್ಚಿದ್ದಾರೆ.

ಈಗ ಗೋಡೆಯ ವಿಷಯಕ್ಕೆ ಬರೋಣ. ಅದೇ ಮ್ಯೂಸಿಯಂ 1919ರಲ್ಲಿ, ಹೇಳದೆ ಕೇಳದೆ ಚರ್ಮಗಳನ್ನು ಹೊರಗೆ ಒಯ್ದ ಕಾರಣಕ್ಕೆ, ಅದೇ ಮನುಷ್ಯನನ್ನು ಹಕ್ಕಿ ಕೋಣೆಗೆ ಕಾಲಿಡದಂತೆ 18 ತಿಂಗಳು ತಡೆದಿತ್ತು. ಆಮೇಲೂ ಅನುಮಾನ ತಣ್ಣಗಾಗಲಿಲ್ಲ, ಆದರೆ ಮೊಕದ್ದಮೆ ಹೂಡುವಷ್ಟು ದೂರ ಯಾರೂ ಹೋಗಲಿಲ್ಲ. ಇಂಥ ವಿಷಯ ಪತ್ರವ್ಯವಹಾರದಲ್ಲಿ ಉಳಿಯುತ್ತದೆ, ಆಡಳಿತದ ಕಪಾಟಿನಲ್ಲಿ. ದಾನ ಬಂದ ಹಕ್ಕಿ ಡ್ರಾಯರು ಸೇರುತ್ತದೆ. ಡ್ರಾಯರು ತೆರೆದು ಗೂಬೆ ಕೈಗೆತ್ತಿಕೊಂಡ ಸಂಶೋಧಕನಿಗೆ ಕಾಣುವುದು ಚೀಟಿ ಒಂದೇ. ಈ ಹೆಸರಿನವನನ್ನು ಇದೇ ಕೋಣೆಯಿಂದ ಒಮ್ಮೆ ಹೊರಗಿಟ್ಟಿದ್ದರು ಅನ್ನುವ ಮಾತನ್ನು ಚೀಟಿ ಹೇಳುವುದಿಲ್ಲ. ಕಳವಿನ ಅನುಮಾನವನ್ನು ಮ್ಯೂಸಿಯಂಗಳು ಮನೆಯ ಮರ್ಯಾದೆಯ ವಿಷಯದ ಹಾಗೆ ಮುಚ್ಚಿಡುತ್ತವೆ. ಆ ಮುಚ್ಚಟೆಯ ಖರ್ಚು ಎಷ್ಟೋ ವರ್ಷದ ಮೇಲೆ ಯಾರೋ ಅಪರಿಚಿತ ಓದುಗನ ತಲೆಗೆ ಬರುತ್ತದೆ.

ಗುಸುಗುಸು ಇತ್ತು. ನ್ಯೂಯಾರ್ಕಿನ ಪಕ್ಷಿತಜ್ಞ ಚಾರ್ಲ್ಸ್ ವೋರಿ, ಈ ಸಂಗ್ರಹದಲ್ಲಿ ಬೇರೆ ಬೇರೆ ದೇಶದ ಮ್ಯೂಸಿಯಂಗಳಿಂದ ಕದ್ದ ಚರ್ಮಗಳಿವೆ ಅಂತ 1974ರಲ್ಲಿ ಒಂದು ಖಾಸಗಿ ಪತ್ರದಲ್ಲಿ ಆಣೆಯಿಟ್ಟಂತೆ ಬರೆದಿದ್ದ. ಮೈನರ್ಟ್ಸ್‌ಹೇಗನ್ ತೀರಿಕೊಂಡು ಏಳು ವರ್ಷವಾಗಿತ್ತು. ಮುಚ್ಚಿದ ಲಕೋಟೆಯೊಳಗಿನ ಮಾತು ಸಾಕ್ಷಿಯಾಗುವುದಕ್ಕೆ ಇನ್ನೂ ಹತ್ತೊಂಬತ್ತು ವರ್ಷ ಬೇಕಾಯಿತು. 1993ರಲ್ಲಿ ಪಕ್ಷಿತಜ್ಞ ಅಲನ್ ನಾಕ್ಸ್, ಮೈನರ್ಟ್ಸ್‌ಹೇಗನ್‌ನ ಸಂಗ್ರಹದ ರೆಡ್‌ಪೋಲ್ ಎಂಬ ಸಣ್ಣ ಹಕ್ಕಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಲವು ಮ್ಯೂಸಿಯಮ್ಮಿನದೇ ಮಾಲು, ಚೀಟಿ ಮಾತ್ರ ಹೊಸದು ಅಂತ ಅಚ್ಚಿನಲ್ಲೇ ತೋರಿಸಿಕೊಟ್ಟರು.

ಗೂಬೆಯ ವಿಚಾರಣೆ

ಅಮೆರಿಕದ ಪಮೇಲಾ ರಾಸ್ಮುಸ್ಸೆನ್ ಆ ಹೊತ್ತಿಗೆ ದಕ್ಷಿಣ ಏಷ್ಯಾದ ಹಕ್ಕಿಗಳ ಕೈಪಿಡಿಯೊಂದಕ್ಕಾಗಿ ಮ್ಯೂಸಿಯಂ ಮ್ಯೂಸಿಯಂ ಸುತ್ತಿ ಚರ್ಮಗಳನ್ನು ನೋಡುತ್ತಿದ್ದರು. ಅವರೂ ನೈಜೆಲ್ ಕಾಲರ್ ಅವರೂ ಸೇರಿ 1914ರ ಗೂಬೆಯನ್ನು ವಿಚಾರಣೆಗೆ ತೆಗೆದುಕೊಂಡರು. ಅವರ ವರದಿ 1999ರಲ್ಲಿ ಪ್ರಕಟವಾಯಿತು.

ಅವರ ವಾದದ ಬೆನ್ನೆಲುಬು ನನಗೆ ಬಹಳ ಇಷ್ಟ, ಏಕೆಂದರೆ ನಾವು ಕೈಬರಹ ಓದುವ ರೀತಿಯೇ ಅದು. ಹಕ್ಕಿಯ ಚರ್ಮ ಸುಲಿದು ತುಂಬುವುದು ಕೈಕಸುಬು. ಎಲ್ಲಿ ಕೊಯ್ಯುತ್ತಾರೆ, ಬುರುಡೆಯ ಹಿಂಭಾಗವನ್ನು ಎಷ್ಟು ಕತ್ತರಿಸುತ್ತಾರೆ, ರೆಕ್ಕೆಯ ಯಾವ ಮೂಳೆ ಬಿಡುತ್ತಾರೆ, ಹತ್ತಿ ತುರುಕುತ್ತಾರೋ ನಾರು ತುರುಕುತ್ತಾರೋ, ಒಳಗೆ ಕಡ್ಡಿ ಇಡುತ್ತಾರೋ ಇಲ್ಲವೋ, ಹೊಲಿಗೆಯ ಅಂತರ ಎಷ್ಟು, ಹೀಗೆ ಒಬ್ಬೊಬ್ಬರದು ಒಂದೊಂದು ಕೈ. ಅವಸರದಲ್ಲಿ ಮಾಡಿದ್ದೂ ಗೊತ್ತಾಗುತ್ತದೆ, ಕಲಿಯುತ್ತಿದ್ದಾಗ ಮಾಡಿದ್ದೂ ಗೊತ್ತಾಗುತ್ತದೆ. 1914ರ ಗೂಬೆಯನ್ನು ಬಿಚ್ಚಿ ಮತ್ತೆ ತುಂಬಿ, ಮೈನರ್ಟ್ಸ್‌ಹೇಗನ್‌ನ ಇತರ ಹಕ್ಕಿಗಳ ಹಾಗೆ ಕಾಣುವಂತೆ ಮಾಡಲಾಗಿತ್ತು. ಹೊರಗಿನಿಂದ ನೋಡಿದರೆ ಅವನದೇ ಕೈ. ಎಕ್ಸ್‌ರೇ ತೆಗೆದರು. ಒಳಗೆ ಹಳೆಯ ಕೈ ಉಳಿದುಕೊಂಡಿತ್ತು, ಡೇವಿಡ್ಸನ್‌ನ ಉಳಿದ ಕಾಡುಗೂಬೆಗಳಲ್ಲಿ ಕಾಣುವ ಅದೇ ಕೈ. ಬೇರೆಯವರ ಸಾಲನ್ನು ಅಳಿಸಿ ಅದರ ಮೇಲೆ ತನ್ನ ಸಾಲು ಬರೆದ ಓಲೆಯ ಹಾಗೆ.

ತೀರ್ಮಾನ ಇದು: 1880ರ ದಶಕದಲ್ಲಿ ಡೇವಿಡ್ಸನ್ ಖಾನ್‌ದೇಶದಲ್ಲಿ ಹೊಡೆದ ಹಕ್ಕಿ ಮ್ಯೂಸಿಯಂ ಸೇರಿತ್ತು. ಅಲ್ಲಿಂದ ಅದನ್ನು ಕದ್ದು, ಮೂಲ ಚೀಟಿ ಕಿತ್ತು, ಮೈ ಬದಲಿಸಿ, ಹೊಸ ಊರು ಹೊಸ ವರ್ಷ ಬರೆದ ಚೀಟಿ ಕಟ್ಟಲಾಯಿತು. ಆಮೇಲೆ ಅದು ಕದ್ದ ಮನೆಗೇ ದಾನವಾಗಿ ಬಂತು. ದಾನದ ರಿಜಿಸ್ಟರಿನಲ್ಲಿ ಧನ್ಯವಾದದೊಂದಿಗೆ ನಮೂದಾಯಿತು ಅನ್ನುವುದನ್ನು ಊಹಿಸಿಕೊಂಡರೆ ನಗು ತಡೆಯುವುದು ಕಷ್ಟ.

ಕಾಗದದ ಮನುಷ್ಯ ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಮೊದಲನೆಯದು ರಿಜಿಸ್ಟರು. ಹಳೆಯ ದೊಡ್ಡ ಮ್ಯೂಸಿಯಂಗಳ ರಿಜಿಸ್ಟರು ಹೊಲಿದ ಪುಸ್ತಕ. ಹಕ್ಕಿ ಬಂದ ಕ್ರಮದಲ್ಲಿ, ಬಂದ ದಿನವೇ ಯಾರೋ ಗುಮಾಸ್ತ ಬರೆದದ್ದು. ಆ ಗುಮಾಸ್ತನಿಗೆ ಗೂಬೆಯಿಂದ ಕೀರ್ತಿ ಬರಬೇಕಾಗಿಲ್ಲ, ಸುಳ್ಳು ಬರೆಯುವ ದರ್ದು ಇಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಸಂಖ್ಯೆಯೇ ವರ್ಷ, ತಿಂಗಳು, ದಿನ, ಕ್ರಮಾಂಕ ಹೀಗೆ ಇರುತ್ತದೆ. ಸಂಖ್ಯೆ ಓದಿದರೆ ಒಳಗೆ ಬಂದ ದಿನ ತಿಳಿಯುತ್ತದೆ. ಪುಸ್ತಕದಲ್ಲಿ ಸಾಲು ಇದ್ದು ಡ್ರಾಯರಿನಲ್ಲಿ ಹಕ್ಕಿ ಇಲ್ಲದಿದ್ದರೆ ಅದನ್ನು "ಕಾಣುತ್ತಿಲ್ಲ" ಎಂದು ಬರೆದು ಮುಂದೆ ಹೋಗುವುದು ಎಲ್ಲ ಕಡೆಯ ರೂಢಿ. ಕಾಣದಾದದ್ದರ ಪಟ್ಟಿಯನ್ನು ಹೊಸದಾಗಿ ಬಂದ ದಾನದ ಪಕ್ಕ ಇಟ್ಟು ನೋಡುವ ರೂಢಿ ಮಾತ್ರ ಯಾರಿಗೂ ಇಲ್ಲ. ಕಳೆದುಹೋದದ್ದು ತಾನಾಗಿಯೇ ಬೇರೆ ಹೆಸರಿನಲ್ಲಿ ಮನೆಗೆ ಬರಬಹುದು ಅಂತ ಯಾರಿಗೆ ಹೊಳೆಯಬೇಕು?

ಎರಡನೆಯದು, ಆ ದಿನ ಆ ಮನುಷ್ಯ ಎಲ್ಲಿದ್ದ? 1914ರ ನವೆಂಬರಿನ ಮೊದಲ ವಾರ ಮೈನರ್ಟ್ಸ್‌ಹೇಗನ್ ಪೂರ್ವ ಆಫ್ರಿಕದ ಟಾಂಗಾ ಯುದ್ಧದಲ್ಲಿದ್ದ. ಅಕ್ಟೋಬರಿನಲ್ಲಿ ಭಾರತದಿಂದ ಹೊರಟ ಸೇನೆಯ ಹಡಗಿನಲ್ಲಿ ಹೋಗಿದ್ದ. ಸೈನ್ಯದ ಕಾಗದಗಳು ಮ್ಯೂಸಿಯಮ್ಮಿಗೆ ಸಂಬಂಧವಿಲ್ಲದ ಕೈಗಳು ಬೇರೆ ಕಾರಣಕ್ಕೆ ಬರೆದವು. ಹಾಗಾಗಿಯೇ ಅವುಗಳಿಗೆ ತೂಕ. ಯಾವ ಸಂಗ್ರಾಹಕನ ಚೀಟಿಯನ್ನಾದರೂ ಮೊದಲು ಅವನ ಪ್ರಯಾಣದ ತಾರೀಖುಗಳ ಎದುರು ಇಡಬೇಕು: ರಜೆಯ ಅರ್ಜಿ, ಹಡಗಿನ ಪಟ್ಟಿ, ತಂತಿ, ಅಂಚೆಮುದ್ರೆ.

ಮೂರನೆಯದು ದಿನಚರಿ. ಅವನ ದಿನಚರಿ ಎಪ್ಪತ್ತಕ್ಕೂ ಹೆಚ್ಚು ಸಂಪುಟ, ಆಕ್ಸ್‌ಫರ್ಡಿನಲ್ಲಿದೆ. ಕೇಳಿದರೆ ಇಂಥ ನಿಧಿ ಎಲ್ಲಿ ಸಿಗುತ್ತದೆ ಅನಿಸುತ್ತದೆ. ಆದರೆ ಅದು ಟೈಪ್ ಮಾಡಿದ್ದು, ಬಿಡಿ ಹಾಳೆಗಳನ್ನು ಫೈಲಿಗೆ ಸೇರಿಸಿದ್ದು. ಹೊಲಿದ ಪುಸ್ತಕದಲ್ಲಿ ಒಂದು ಹಾಳೆ ಹರಿದರೆ ಅದರ ಜೊತೆಯ ಹಾಳೆ ಸಡಿಲವಾಗುತ್ತದೆ, ಬೇರೆ ಶಾಯಿ ತಾಗಿದರೆ ಕಣ್ಣಿಗೆ ಬೀಳುತ್ತದೆ. ಬಿಡಿ ಹಾಳೆಯ ಫೈಲಿನಲ್ಲಿ ಇಪ್ಪತ್ತು ವರ್ಷ ಬಿಟ್ಟು ಹೊಸದಾಗಿ ಟೈಪ್ ಮಾಡಿದ ಹಾಳೆಯನ್ನು ಹಳೆಯ ತಾರೀಖಿನ ಜಾಗಕ್ಕೆ ಸೇರಿಸಿ ಕ್ಲಿಪ್ ಒತ್ತಿದರೆ ಆಯಿತು. ಅವನ ದಿನಚರಿಯ ಹಲವು ಭಾಗ ಹೀಗೆ ಆಮೇಲೆ ಬರೆದದ್ದು ಅನ್ನುವುದನ್ನು ಅದನ್ನು ಶ್ರದ್ಧೆಯಿಂದ ಓದಿದ ಇತಿಹಾಸಕಾರರು ತೋರಿಸಿದ್ದಾರೆ. ಹೊಸಬರಿಗೆ ನಾನು ಹೇಳುವುದಿಷ್ಟು: ಹಾಳೆ ಹೇಗೆ ಕಟ್ಟಿದ್ದಾರೆ ಅನ್ನುವುದನ್ನು ಕ್ಯಾಟಲಾಗಿನಲ್ಲಿ ಬರೆಯಿರಿ. "ದಿನಚರಿ, ಇಷ್ಟು ಸಂಪುಟ" ಅಂತ ಮಾತ್ರ ಬರೆದರೆ ಓದುಗನಿಗೆ ಬೇಕಾದ ಸುಳಿವನ್ನು ನೀವೇ ಬಚ್ಚಿಟ್ಟ ಹಾಗೆ.

ಇನ್ನೊಂದು ಕಡೆ, ಈ ಹಕ್ಕಿಗೆ ಹೆಸರಿಟ್ಟ ಹ್ಯೂಮ್‌ನ ಕಾಗದಗಳ ಗತಿ ಕೇಳಿ. ಇಪ್ಪತ್ತೈದು ವರ್ಷ ಕೂಡಿಟ್ಟ ಅವನ ಟಿಪ್ಪಣಿಗಳನ್ನು ಶಿಮ್ಲಾದ ಮನೆಯ ಆಳೊಬ್ಬ ಪೇಟೆಯಲ್ಲಿ ರದ್ದಿಗೆ ಮಾರಿಬಿಟ್ಟ. ಹ್ಯೂಮ್‌ಗೆ ಹಕ್ಕಿಗಳ ಮೇಲಿನ ಮನಸ್ಸೇ ಮುರಿಯಿತು. 1885ರಲ್ಲಿ ತನ್ನ ಸಂಗ್ರಹವನ್ನೆಲ್ಲ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ. 80,000ಕ್ಕೂ ಮೀರಿದ ಚರ್ಮ ಮತ್ತು ಮೊಟ್ಟೆ ಸಾಗಿಸಲು ಬೌಡ್ಲರ್ ಶಾರ್ಪ್ ಎಂಬ ಅಧಿಕಾರಿ ಲಂಡನ್ನಿನಿಂದ ಶಿಮ್ಲಾಕ್ಕೆ ಬರಬೇಕಾಯಿತು. ಸತ್ಯ ಬರೆದವನ ಕಾಗದ ರದ್ದಿಗೆ ಹೋಯಿತು, ಸುಳ್ಳು ಬರೆದವನ ಕಾಗದ ಭದ್ರವಾದ ಕಪಾಟಿನಲ್ಲಿ ಕೂತಿದೆ.

ಚೀಟಿ ಬಿಟ್ಟು ಹೊರಟಾಗ

1914ರ ದಾಖಲೆ ಹೊಡೆದುಹಾಕಿದ ಮೇಲೆ ಉಳಿದದ್ದು ಹಳೆಯ ಚರ್ಮಗಳ ನಿಜವಾದ ಚೀಟಿಗಳು. ರಾಸ್ಮುಸ್ಸೆನ್, ಬೆನ್ ಕಿಂಗ್, ಡೇವಿಡ್ ಅಬ್ಬಟ್ ಮೂವರೂ ಆ ಊರಿನ ಹೆಸರುಗಳನ್ನು ಹಿಡಿದು, ವರದಿ ಅಚ್ಚಾಗುವುದಕ್ಕೂ ಮೊದಲೇ, 1997ರಲ್ಲಿ ಭಾರತಕ್ಕೆ ಬಂದರು. ಮೊದಲು ಪೂರ್ವದ ಜಾಗಗಳಲ್ಲಿ ಹುಡುಕಿದರು, ಸಿಗಲಿಲ್ಲ. ಆಮೇಲೆ ಡೇವಿಡ್ಸನ್‌ನ ಶಹಾದಾ. ನವೆಂಬರ್ 25ರ ಬೆಳಿಗ್ಗೆ, ಸಾತ್ಪುರ ಬೆಟ್ಟದ ಬುಡದ ತೆರೆದ ಕಾಡಿನಲ್ಲಿ, ಒಂದು ಬೋಳು ಮರದ ಮೇಲೆ ಗೂಬೆ ಕೂತಿತ್ತು. 113 ವರ್ಷದ ಮೇಲೆ. ಹಗಲಿನಲ್ಲೇ, ಬಿಸಿಲಿನಲ್ಲೇ. ನೂರು ವರ್ಷಕ್ಕೂ ಹಿಂದೆ ಒಬ್ಬ ಅಧಿಕಾರಿ ಸರಿಯಾಗಿ ಬರೆದಿಟ್ಟ ಊರಿನ ಹೆಸರು ಸಾಕಾಯಿತು.

ಇನ್ನು ನಮ್ಮ ಪಾಲಿನ ಕೆಲಸ. ಸುಳ್ಳು ಚೀಟಿಯನ್ನು ಏನು ಮಾಡಬೇಕು?

ಮೊದಲ ಹುಮ್ಮಸ್ಸಿನಲ್ಲಿ ಕಿತ್ತೆಸೆಯೋಣ ಅನಿಸುತ್ತದೆ. ಕೀಳಬಾರದು. ಚೀಟಿಯೇ ಈಗ ಸಾಕ್ಷಿ. ಅದರ ಕಾಗದ, ಶಾಯಿ, ದಾರದ ಗಂಟು ಇವೆಲ್ಲ ಮುಂದಿನ ಪ್ರಕರಣಕ್ಕೆ ಹೋಲಿಕೆಗೆ ಬೇಕು. ಹಳೆಯ ಚೀಟಿ ಇದ್ದಲ್ಲೇ ಇರಲಿ, ಜೊತೆಗೆ ಇನ್ನೊಂದು ಚೀಟಿ ಕಟ್ಟಿ, ತಿದ್ದಿದವರ ಹೆಸರು, ತಾರೀಖು, ಯಾವ ಆಧಾರದ ಮೇಲೆ ಅನ್ನುವುದನ್ನು ಆಮ್ಲವಿಲ್ಲದ ಕಾಗದದ ಮೇಲೆ ಬರೆಯುವುದು. ರಿಜಿಸ್ಟರಿನಲ್ಲೂ ಹಾಗೇ. ಹಳೆಯ ಸಾಲನ್ನು ಕೆರೆಯದೆ, ಓದಲು ಬರುವಂತೆ ಬಿಟ್ಟು, ಬದಿಯಲ್ಲಿ ಷರಾ. ನಾನು ಒಮ್ಮೆ ಕೆಲಸ ಮಾಡಿದ ಸಂಗ್ರಹವೊಂದರಲ್ಲಿ ಯಾರೋ ಅಚ್ಚುಕಟ್ಟಿನ ಮೋಹಕ್ಕೆ ಬಿದ್ದು ಹಳೆಯ ಚೀಟಿಗಳ ಮೇಲೆ ಟೈಪ್ ಮಾಡಿದ ಹೊಸ ಚೀಟಿ ಅಂಟಿಸಿದ್ದರು. ಹಬೆ ಹಿಡಿದು ಒಂದೊಂದೇ ಬಿಡಿಸುವಾಗ, ಕೆಲವು ಕಡೆ ಹಳೆಯ ಶಾಯಿ ಗೋಂದಿನ ಜೊತೆ ಎದ್ದು ಬಂತು. ಅವರಿಗೆ ಕೇಡಿನ ಬುದ್ಧಿ ಇರಲಿಲ್ಲ. ಆದರೂ ಮೈನರ್ಟ್ಸ್‌ಹೇಗನ್ ಮಾಡಿದ್ದಕ್ಕೂ ಅದಕ್ಕೂ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸವಿಲ್ಲ ಅಂತ ಆವತ್ತು ನನಗೆ ಅನಿಸಿತ್ತು. (ಹಳೆಯ ಚರ್ಮಗಳಿಗೆ ಹುಳ ಹಿಡಿಯದಿರಲಿ ಅಂತ ಆರ್ಸೆನಿಕ್ ಸೋಪು ಹಚ್ಚುತ್ತಿದ್ದರು. ಚೀಟಿಗೂ ಅದರ ಪುಡಿ ತಾಗಿರುತ್ತದೆ. ಕೈಗವಸು ಇಲ್ಲದೆ ಮುಟ್ಟಬೇಡಿ, ಬೆರಳು ಎಂಜಲು ಮಾಡಿ ಚೀಟಿ ತಿರುಗಿಸುವ ಅಭ್ಯಾಸವಂತೂ ಬೇಡವೇ ಬೇಡ.)

ಕಂಪ್ಯೂಟರಿನಲ್ಲಿ ತೊಂದರೆ ಬೇರೆ ಥರದ್ದು. ಪುಸ್ತಕದ ತಪ್ಪು ಪುಸ್ತಕದಲ್ಲೇ ಇರುತ್ತದೆ, ಡೇಟಾಬೇಸಿನ ತಪ್ಪು ನಕಲಾಗುತ್ತ ಹೋಗುತ್ತದೆ. ಮ್ಯೂಸಿಯಂಗಳು ಮಾಹಿತಿ ಹಂಚಿಕೊಳ್ಳಲು ಬಳಸುವ ಡಾರ್ವಿನ್ ಕೋರ್ ಎಂಬ ಮಾನದಂಡದಲ್ಲಿ, ಚೀಟಿಯಲ್ಲಿ ಬರೆದ ಊರನ್ನು ಇದ್ದದ್ದು ಇದ್ದಂತೆ ದಾಖಲಿಸಲು ಒಂದು ಅಂಕಣ, ನಾವು ಅರ್ಥ ಮಾಡಿಕೊಂಡ ಊರಿಗೆ ಇನ್ನೊಂದು ಅಂಕಣ ಇವೆ. ಸಮಯ ಉಳಿಸಲು ಎರಡನ್ನೂ ಒಂದೇ ಮಾಡಿದವರನ್ನು ನಾನು ಬಹಳ ನೋಡಿದ್ದೇನೆ. ಈ ಗೂಬೆಯಂಥ ಪ್ರಕರಣದಲ್ಲಿ ಮೊದಲ ಅಂಕಣದಲ್ಲಿ "ಮಾಂಡ್ವಿ, 1914" ಅಂತಲೇ ಇರಬೇಕು, ಎರಡನೆಯದರಲ್ಲಿ ಖಾನ್‌ದೇಶ. ಅಕ್ಷಾಂಶ ರೇಖಾಂಶ ಮಾಂಡ್ವಿಯದ್ದು ಎಲ್ಲೂ ಬರಬಾರದು. ಜೊತೆಗೆ 1919ರ ತಡೆಯ ಕಡತದ ಸಂಖ್ಯೆಯನ್ನೂ, ವೋರಿ ಬರೆದಂಥ ಪತ್ರ ಎಲ್ಲಿದೆ ಅನ್ನುವುದನ್ನೂ ಹಕ್ಕಿಯ ದಾಖಲೆಗೆ ಜೋಡಿಸಬೇಕು. ಗೋಡೆಯಲ್ಲಿ ಕಿಂಡಿ ಕೊರೆಯುವುದು ಅಂದರೆ ಇಷ್ಟೇ: ಒಂದು ಅಂಕಣ, ಒಂದು ಕಡತ ಸಂಖ್ಯೆ.

ಕಡತ ಮುಚ್ಚಬಹುದಿತ್ತು. ಆದರೆ 2014ರ ಹೊತ್ತಿಗೆ ಕಾಡುಗೂಬೆ ಗುಜರಾತಿನಲ್ಲೇ ಸಿಕ್ಕಿತು, ಡಾಂಗ್ ಜಿಲ್ಲೆಯ ಪೂರ್ಣಾ ಅಭಯಾರಣ್ಯದಲ್ಲಿ. ನಕ್ಷೆ ಬಿಡಿಸಿದರೆ ಮಾಂಡ್ವಿ ಅಲ್ಲಿಂದ ದೂರವೇನಲ್ಲ. ಹಾಗಾದರೆ ಚೀಟಿ ಹೇಳಿದ್ದು ನಿಜವಿರಬಹುದಲ್ಲ, ದಾಖಲೆಯನ್ನು ಮತ್ತೆ ಸೇರಿಸಬಾರದೇಕೆ ಅನ್ನುವ ಪ್ರಶ್ನೆ ಸಹಜ. ಮಾಂಡ್ವಿಯ ಕಾಡಿನಲ್ಲಿ ಆ ಕಾಲದಲ್ಲಿ ಗೂಬೆ ಇದ್ದಿರಲೂಬಹುದು. ಡ್ರಾಯರಿನಲ್ಲಿರುವ ಈ ಗೂಬೆ ಮಾತ್ರ ಅಲ್ಲಿಯದಲ್ಲ, ಅದರ ಹೊಟ್ಟೆಯೊಳಗೆ ಡೇವಿಡ್ಸನ್‌ನ ಕೈ ಇದೆ. ಮಾಂಡ್ವಿ ಅನ್ನುವ ಪದ ಮೊದಲ ಅಂಕಣದಲ್ಲೇ ಉಳಿಯುತ್ತದೆ, ನಕ್ಷೆಯ ಮೇಲೆ ಚುಕ್ಕೆ ಬೀಳುವುದಿಲ್ಲ.